ಮರಳಿ ಬಂದ ಹಣ ಯಾರದು?

ಕಳೆದ ಸಂತೋಷಕೂಟದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಮಾತು ಹೇಗೋ ತೆರಿಗೆಯ ಕಡೆಗೆ ಹೊರಳಿತು. ಸೌದಿಯಲ್ಲಿ ಕೂತು ಆದಾಯ ತೆರಿಗೆಯ ಮಾತೇ ಎಂದು ನಗಬೇಡಿ. ನಮ್ಮ ಮುಂದಿದ್ದವರೊಬ್ಬರು, ಊರಿನ ಖಾತೆಗೆ ತೆರಿಗೆಯ ರೀಫಂಡ್ ಬಂತು ಎಂದು ಮುಖ ಅರಳಿಸಿ ಹೇಳಿದರು. ಸುತ್ತ ಇದ್ದವರೆಲ್ಲ ಅವರಿಗೆ ಶುಭಾಶಯ ಹೇಳಿದರು. ಹಿಂದಿದ್ದ ಇನ್ನೊಬ್ಬರು, ನಮಗೆ ಈ ಸಲ ಕೈಯಿಂದಲೇ ಕಟ್ಟಬೇಕಾಯಿತು ಮಾರಾಯರೇ ಎಂದರು, ಜೇಬು ಕಳೆದುಕೊಂಡವರ ದನಿಯಲ್ಲಿ. ಅವರಿಗೆ ಎಲ್ಲರೂ ಸಮಾಧಾನ ಹೇಳಿದೆವು.

ದಮ್ಮಾಮಿನಿಂದ ಖೋಬರಿಗೆ ಮರಳುವಾಗ ಕಾರಿನಲ್ಲಿ ನಮಗೆ ಇದೇ ಯೋಚನೆ. ಮೊದಲನೆಯವರಿಗೆ ಬಂದದ್ದು ಅವರದೇ ಹಣ. ಎರಡನೆಯವರು ಕೊಟ್ಟದ್ದು ಅವರು ಕೊಡಲೇಬೇಕಾಗಿದ್ದ ಹಣ. ಅದನ್ನು ಅಷ್ಟು ತಿಂಗಳು ಇಟ್ಟುಕೊಂಡು ಅನುಭವಿಸಿದವರೂ ಅವರೇ. ಹಾಗಿದ್ದ ಮೇಲೆ ಶುಭಾಶಯ ಯಾಕೆ, ಸಂತಾಪ ಯಾಕೆ? ಇದನ್ನೇ ಬರೆದುಕೊಡಿ ಎಂದರು ಸಂಪಾದಕರು. ನಾವು ಲೆಕ್ಕಪರಿಶೋಧಕರಲ್ಲ. ಈ ಬರಹದಲ್ಲಿ ‘ನಾವು’ ಎಂದರೆ ಗಂಡಹೆಂಡತಿ ಇಬ್ಬರೂ. ಇಬ್ಬರ ಅಭಿಪ್ರಾಯವೂ ಒಂದೇ ಎಂದು ಮಾತ್ರ ತಿಳಿಯಬೇಡಿ.

ಮೊದಲು ನಾವಿರುವ ನೆಲದ ಮಾತು. ಇಲ್ಲಿ ನಮ್ಮ ಸಂಬಳಕ್ಕೆ ತೆರಿಗೆಯಿಲ್ಲ. ಹಿಂದೆ ವಿದೇಶೀಯರ ಸಂಬಳದ ಮೇಲೆ ಇದ್ದ ತೆರಿಗೆಯನ್ನು 1975ರಲ್ಲಿ ತೆಗೆದುಹಾಕಿದ್ದರು. 1988ರ ಜನವರಿಯಲ್ಲಿ, ಎಣ್ಣೆಯ ಬೆಲೆ ಬಿದ್ದುಹೋಗಿದ್ದ ಕಾಲದಲ್ಲಿ, ಬಜೆಟ್ಟಿನಲ್ಲಿ ಅದನ್ನು ಮತ್ತೆ ಹಾಕುವ ಘೋಷಣೆಯಾಯಿತು. ಕೆಲಸ ಬಿಟ್ಟು ಹೊರಡುತ್ತೇವೆಂದು ಜನ ರಾಜೀನಾಮೆಗೆ ತೊಡಗಿದಾಗ ದೊರೆ ಫಹದ್ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಹಾಗೆಂದು ನಾವು ಏನೂ ಕೊಡುವುದಿಲ್ಲ ಎಂದಲ್ಲ. 2017ರ ಜುಲೈಯಿಂದ ಹೆಂಡತಿ ಮಕ್ಕಳ ತಲೆಯೊಂದಕ್ಕೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಗಿ, ವರ್ಷಕ್ಕೆ 100ರಂತೆ ಏರಿ, 2020ರ ಜುಲೈಗೆ 400 ಆಯಿತು. 2018ರ ಜನವರಿಯಲ್ಲಿ ಬಂದ ಶೇ. 5ರ ವ್ಯಾಟ್ 2020ರ ಜುಲೈಯಲ್ಲಿ ಶೇ. 15ಕ್ಕೆ ಹೋಯಿತು. ಆ ವರ್ಷಗಳಲ್ಲಿ ಸಂಸಾರವನ್ನು ಊರಿಗೆ ಕಳಿಸಿ ಒಂಟಿಯಾಗಿ ಉಳಿದವರು ನಮ್ಮ ಬಳಗದಲ್ಲೇ ಎಷ್ಟು ಮಂದಿ ಇದ್ದಾರೆಂದು ನಿಮಗೇ ಗೊತ್ತು. ಆದರೆ ಇಲ್ಲಿ ಕೊಟ್ಟದ್ದು ಕೊಟ್ಟದ್ದೇ. ವರ್ಷದ ಕೊನೆಗೆ ಲೆಕ್ಕ ಮಾಡಿ ಹೆಚ್ಚಾದದ್ದನ್ನು ವಾಪಸು ಕೊಡುವ ಪದ್ಧತಿ ನಮ್ಮ ಪಾಲಿಗೆ ಇಲ್ಲ. ಆ ಸುಖದುಃಖ ಬರುವುದು ಊರಿನ ಖಾತೆಯಿಂದ.

ಎನ್‌ಆರ್‌ಇ ಖಾತೆಯ ಬಡ್ಡಿಗೆ ನಮಗೆ ಭಾರತದಲ್ಲಿ ತೆರಿಗೆಯಿಲ್ಲ. ಎನ್‌ಆರ್‌ಓ ಖಾತೆಯ ಕಥೆ ಬೇರೆ. ಊರಿನಲ್ಲೇ ಇರುವವರ ಠೇವಣಿ ಬಡ್ಡಿಯಲ್ಲಿ ಬ್ಯಾಂಕು ನೂರಕ್ಕೆ 10 ಹಿಡಿದರೆ ನಮ್ಮ ಬಡ್ಡಿಯಲ್ಲಿ, ಸೆಸ್ ಸೇರಿ, 31 ರೂಪಾಯಿ 20 ಪೈಸೆ ಹಿಡಿಯುತ್ತದೆ, ಅದೂ ಮೊದಲ ರೂಪಾಯಿಯಿಂದಲೇ. 2025-26ರಲ್ಲಿ ಒಬ್ಬರಿಗೆ 3 ಲಕ್ಷ ರೂಪಾಯಿ ಬಡ್ಡಿ ಬಂತು, ಭಾರತದಲ್ಲಿ ಬೇರೆ ಆದಾಯವಿಲ್ಲ ಎನ್ನಿ. 93,600 ರೂಪಾಯಿ ಮೊದಲೇ ಹೋಯಿತು. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲವಾದ್ದರಿಂದ ರಿಟರ್ನ್ ಸಲ್ಲಿಸಿದರೆ ಅಷ್ಟೂ ವಾಪಸು. ಸಲ್ಲಿಸದಿದ್ದರೆ ಹೋದದ್ದು ಹೋಯಿತು. ಪುಟ ತುಂಬುವ ತೊಂದರೆ ಯಾರಿಗೆ ಬೇಕು ಎಂದು ಬಿಟ್ಟವರೂ ನಮ್ಮಲ್ಲಿದ್ದಾರೆ.

ರೀಫಂಡಿನ ಸಂತೋಷ ನಮ್ಮೊಬ್ಬರ ರೋಗವಲ್ಲ. ನ್ಯೂಜೆರ್ಸಿಯಲ್ಲಿರುವ ನಮ್ಮ ಸೋದರಳಿಯ ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲಿ ಫೋನು ಮಾಡಿ, ಅಮೆರಿಕದ ಸರಕಾರ ಉಡುಗೊರೆ ಕೊಟ್ಟಿತು ಎನ್ನುವ ಹಾಗೆ ರೀಫಂಡಿನ ಸುದ್ದಿ ಹೇಳುತ್ತಾನೆ. ಅಲ್ಲಿ ಸಂಬಳದಲ್ಲೇ ತೆರಿಗೆ ಹಿಡಿಯುವ ಈಗಿನ ಕ್ರಮ ಬಂದದ್ದು ಯುದ್ಧದ ನಡುವೆ, 1943ರಲ್ಲಿ. ಅದಕ್ಕೆ ಮುಂಚೆ ಹಿಂದಿನ ವರ್ಷದ ತೆರಿಗೆಯನ್ನು ಮುಂದಿನ ವರ್ಷ ಕಂತಿನಲ್ಲಿ ಜನರೇ ಕೈಯಾರೆ ಕಟ್ಟುತ್ತಿದ್ದರು. ಕೈಯಾರೆ ಕೊಡುವವನಿಗೆ ಕೊಟ್ಟದ್ದು ಗೊತ್ತಾಗುತ್ತದೆ. ಕೈಗೆ ಬರುವ ಮುಂಚೆಯೇ ಹೋದದ್ದು ಗೊತ್ತಾಗುವುದಿಲ್ಲ, ಮರಳಿ ಬಂದದ್ದು ಮಾತ್ರ ಗೊತ್ತಾಗುತ್ತದೆ. ಸಾಲದ ಮೇಲೆ ಸರ್ವಜ್ಞ ಬರೆದ ತ್ರಿಪದಿ ನಮಗೆಲ್ಲ ಬಾಯಿಪಾಠ. ಆದರೆ ಅವನು ಕಂಡದ್ದು ತರುವಾಗಿನ ಸುಖ, ತೀರಿಸುವಾಗಿನ ಸಂಕಟ. ಇಲ್ಲಿ ಸಾಲ ಕೊಟ್ಟವರು ನಾವು, ತಂದದ್ದು ಸರಕಾರ, ಸುಖಪಡುವವರೂ ನಾವೇ!

ಇದಕ್ಕೆ ನಮ್ಮಿಬ್ಬರಲ್ಲಿ ಒಬ್ಬರ ಉತ್ತರ ಹೀಗೆ: ಕೈಯಲ್ಲಿದ್ದರೆ ಖರ್ಚಾಗುತ್ತಿತ್ತು, ಅಲ್ಲಿದ್ದದ್ದರಿಂದ ಉಳಿಯಿತು. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಲ್ಲಿನ ಲೇಬರ್ ಕ್ಯಾಂಪುಗಳಲ್ಲಿ ಹತ್ತು ಮಂದಿ ಸೇರಿ ಚೀಟಿ ಹಾಕುವುದು ಇದೇ ಕಾರಣಕ್ಕೆ. ಕೊನೆಯ ತಿಂಗಳು ಚೀಟಿ ಎತ್ತುವವನು ಉಳಿದವರಿಗೆಲ್ಲ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆ. ಅದು ಅವನಿಗೆ ಗೊತ್ತು, ಆದರೂ ಕೊನೆಯ ತಿಂಗಳೇ ಬೇಕೆನ್ನುತ್ತಾನೆ. ನಮ್ಮ ಸರ್ವೀಸ್ ದುಡ್ಡೂ ಹಾಗೆಯೇ ಅಲ್ಲವೇ? ಮೊದಲ 5 ವರ್ಷ, ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೊಂದು ತಿಂಗಳದ್ದು. ನಡುವೆ ಕೈಗೆ ಸಿಕ್ಕಿದ್ದರೆ ಊರಿನ ಎಷ್ಟು ಮನೆಗಳಿಗೆ ತಾರಸಿ ಬೀಳುತ್ತಿರಲಿಲ್ಲವೋ.

ಆದರೆ ಚೀಟಿಗೆ ನಾವು ಒಪ್ಪಿ ಸೇರುತ್ತೇವೆ. ಒಪ್ಪದೆ ಸೇರಿದ ಚೀಟಿಯ ಕಥೆ ಹೇಳುತ್ತೇವೆ, ಕೇಳಿ.

2019ರಲ್ಲಿ ಮೈಸೂರಿನಲ್ಲಿ 45 ಲಕ್ಷಕ್ಕೆ ಕೊಂಡಿದ್ದ ಒಂದು ನಿವೇಶನವನ್ನು 2024ರ ಡಿಸೆಂಬರಿನಲ್ಲಿ 60 ಲಕ್ಷಕ್ಕೆ ಮಾರಿದೆವು. ಲಾಭ 15 ಲಕ್ಷ. ಅದಕ್ಕೆ ಶೇ. 12.5ರ ತೆರಿಗೆ, ಸೆಸ್ ಸೇರಿ 1,95,000 ರೂಪಾಯಿ. ಆದರೆ ಮಾರುವವರು ಅನಿವಾಸಿಗಳಾದರೆ ಕೊಳ್ಳುವವರು ತೆರಿಗೆ ಹಿಡಿದೇ ಹಣ ಕೊಡಬೇಕು. ಲಾಭ ಎಷ್ಟೆಂದು ಅವರಿಗೆ ಹೇಗೆ ಗೊತ್ತು? ಅವರ ಆಡಿಟರು ಹೇಳಿದ ಹಾಗೆ, ಪೂರ್ತಿ ಬೆಲೆಯ ಮೇಲೆ ಸರ್‌ಚಾರ್ಜು, ಸೆಸ್ ಎಲ್ಲ ಸೇರಿಸಿ ಶೇ. 14.3ರಂತೆ 8,58,000 ರೂಪಾಯಿ ಹಿಡಿದರು. ಅವರದೇನೂ ತಪ್ಪಿಲ್ಲ. ಮೊದಲೇ ಇಲಾಖೆಗೆ ಅರ್ಜಿ ಹಾಕಿ, ಕಡಿಮೆ ಹಿಡಿಯಲು ಪ್ರಮಾಣಪತ್ರ ತರಿಸಿಕೊಳ್ಳುವ ದಾರಿ ಇತ್ತು. ಇದ್ದದ್ದು ಮೂರು ವಾರದ ರಜೆ, ಅವಸರದಲ್ಲಿ ನಾವು ಬಿಟ್ಟೆವು. ಹೇಗಿದ್ದರೂ ವಾಪಸು ಬರುತ್ತದಲ್ಲ ಎಂದುಕೊಂಡೆವು.

ಉಳಿದ ಹಣಕ್ಕೆ ಮೊದಲೇ ಹೆಸರು ಬರೆದಿಟ್ಟಾಗಿತ್ತು. ಬೆಂಗಳೂರಿನ ಫ್ಲ್ಯಾಟಿನ ಸಾಲ, ಮಗಳ ಕಾಲೇಜು. ಹೆಸರಿಲ್ಲದೆ ಉಳಿದದ್ದು ಆ ವಾಪಸು ಬರುವ ಹಣ ಒಂದೇ. ಜನವರಿಯಲ್ಲಿ ಮೈಸೂರಿನ ಮನೆಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಶನ್ನಿಗೆ ನಾವು ಇಲ್ಲಿಂದ ಕಳಿಸಿದ್ದು ಸಾಲದೆ, ತಮ್ಮ ತನ್ನ ಹೆಂಡತಿಯ ಎರಡೆಳೆ ಸರ, ಬಳೆ ಅಡವಿಟ್ಟು ಎರಡೂವರೆ ಲಕ್ಷ ತಂದ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ಸೈಟಿನ ದುಡ್ಡು ಬಂದ ತಕ್ಷಣ ಬಿಡಿಸಿಕೊಡುತ್ತೇವೆ ಎಂದು ನಾವು ಮಾತು ಕೊಟ್ಟೆವು. ಅವರು ಮತ್ತೆ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನಾವೂ ಸುಮ್ಮನಿದ್ದೆವು. ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳಿಸಬಹುದಿತ್ತೇ ಎಂದರೆ, ಕಳಿಸಬಹುದಿತ್ತು. ಬರುವ ಹಣ ಇದೆ ಎಂಬ ಧೈರ್ಯವೇ ಕಳಿಸದಂತೆ ಮಾಡಿತು.

ಜುಲೈಯಲ್ಲಿ ರಿಟರ್ನ್ ಸಲ್ಲಿಸಿದೆವು. 6,63,000 ರೂಪಾಯಿ, ಬಡ್ಡಿ ಸಮೇತ, 2025ರ ನವೆಂಬರಿನಲ್ಲಿ ಬಂತು. ಆ ದಿನ ನಾವು ಮಾಡಿದ್ದೇನು ಗೊತ್ತೇ? ಒಂದು ದೊಡ್ಡ ತಟ್ಟೆ ಕುನಾಫ ತಂದು ಅಕ್ಕಪಕ್ಕದ ಮನೆಗೆಲ್ಲ ಹಂಚಿದೆವು. ನಾಲ್ಕನೆಯ ಮನೆಯ ಬಾಗಿಲು ತಟ್ಟುವಾಗ ನಮ್ಮಲ್ಲೊಬ್ಬರು ಮೆಲ್ಲಗೆ ಕೇಳಿದರು: “ನಮ್ಮ ದುಡ್ಡು ನಮಗೆ ಬಂದದ್ದಕ್ಕೆ ಸಿಹಿ ಹಂಚುತ್ತಿದ್ದೀವಲ್ಲ, ಮೈಸೂರಿನಲ್ಲಿ ಅವಳು ಬೋಳು ಕತ್ತಿನಲ್ಲಿ ಎರಡು ಮದುವೆಗೆ ಹೋಗಿ ಬಂದಳು, ಅದಕ್ಕೆ ಏನು ಹಂಚೋಣ?”

ಅವತ್ತು ರಾತ್ರಿ ಲೆಕ್ಕ ಹಾಕಿದೆವು. ಸರಕಾರ ಕೊಟ್ಟ ಬಡ್ಡಿ ತಿಂಗಳಿಗೆ ಶೇ. ಅರ್ಧ, ಅದೂ ಏಪ್ರಿಲ್ ಒಂದರಿಂದ. ಅದಕ್ಕೆ ಹಿಂದಿನ ತಿಂಗಳುಗಳಿಗೆ ಇಲ್ಲ. ಎಂಟು ತಿಂಗಳಿಗೆ 26,520 ರೂಪಾಯಿ. ಅತ್ತ ಎರಡೂವರೆ ಲಕ್ಷದ ಗಿರವಿಗೆ ಹನ್ನೊಂದು ತಿಂಗಳಲ್ಲಿ ತಮ್ಮ ಕಟ್ಟಿದ ಬಡ್ಡಿ 27,500. ಆರೂಮುಕ್ಕಾಲು ಲಕ್ಷಕ್ಕೆ ಹತ್ತಿರದ ಹಣ ನಮಗೆ ದುಡಿದದ್ದು, ಅದರ ಅರ್ಧಕ್ಕೂ ಕಡಿಮೆ ಹಣ ಅವರಿಂದ ತಿಂದದ್ದಕ್ಕಿಂತ 980 ರೂಪಾಯಿ ಕಡಿಮೆ. ಇನ್ನೊಂದು ವಿಷಯ. ತೆರಿಗೆಯನ್ನು ಮುಂಗಡವಾಗಿ ಕಟ್ಟದೆ ನಾವು ಉಳಿಸಿಕೊಂಡರೆ ಸರಕಾರ ನಮ್ಮಿಂದ ಪಡೆಯುವ ಬಡ್ಡಿ ತಿಂಗಳಿಗೆ ಶೇ. ಒಂದು. ಅದು ಕಾದರೆ ಒಂದು ರೂಪಾಯಿ, ನಾವು ಕಾದರೆ ಎಂಟಾಣೆ.

ಹಾಗಾದರೆ ಸರಕಾರವನ್ನು ಬೈದು ಬರಹ ಮುಗಿಸಬಹುದು. ಆದರೆ ನಮ್ಮ ಇನ್ನೊಂದು ಕಥೆಯನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಮೈಸೂರಿನಲ್ಲಿ ನಮ್ಮದೊಂದು ಮಹಡಿ ಮನೆ ಬಾಡಿಗೆಗಿದೆ. ಅನಿವಾಸಿಗೆ ಬಾಡಿಗೆ ಕೊಡುವವರು ತೆರಿಗೆ ಹಿಡಿದು ಕೊಡಬೇಕೆಂಬುದು ಕಾನೂನು. ಬಾಡಿಗೆಗಿದ್ದವರಿಗೆ ಅದು ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು, ನಾವು ಹೇಳಲಿಲ್ಲ. ಎರಡು ವರ್ಷ ಬಾಡಿಗೆ ಪೂರ್ತಿ ಬಂತು, ಖರ್ಚೂ ಆಯಿತು. ಮೂರನೆಯ ವರ್ಷ ಭಯಬಿದ್ದು ಲೆಕ್ಕಕ್ಕೆ ತಂದಾಗ ಕಟ್ಟಬೇಕಾದ ಮೊತ್ತ ನೋಡಿ, ಯಾರೋ ನಮ್ಮನ್ನು ಸುಲಿಯುತ್ತಿದ್ದಾರೆಂದು ಅನ್ನಿಸಿತು. ಸುಲಿಗೆ ಯಾವುದು? ಕೊಡಬೇಕಾದ್ದನ್ನು ಹಿಂದೆಯೇ ತಿಂದು ಮುಗಿಸಿದ್ದೆವು, ಅಷ್ಟೆ.

ಊರಿನವರಿಂದ ಹತ್ತು ಹಿಡಿದು ನಮ್ಮಿಂದ ಮೂವತ್ತೊಂದು ಹಿಡಿಯುವುದು ಯಾಕೆ ಎಂದು ಕೇಳುತ್ತೇವಲ್ಲ, ಅದಕ್ಕೆ ನಮ್ಮ ಆ ಎರಡು ವರ್ಷಗಳೇ ಉತ್ತರ. ವಿಮಾನ ಹತ್ತಿ ಹೋದವನ ಬಾಗಿಲು ತಟ್ಟಲು ಅಮಲ್ದಾರ ಖೋಬರಿಗೆ ಬರಲಾರ. ಹಾಗಾಗಿ ಕೈಗೆ ಸಿಕ್ಕಿದಾಗಲೇ ಹೆಚ್ಚು ಹಿಡಿದಿಡುತ್ತಾನೆ. ಬಾಡಿಗೆ ಮುಚ್ಚಿಟ್ಟವರು ನಾವು, ಆ ಅಪನಂಬಿಕೆ ನಮಗೆ ಸಲ್ಲಬೇಕಾದ್ದೇ. ಆದರೆ ಅದರ ಬೆಲೆ ತೆತ್ತವಳು ತಮ್ಮನ ಹೆಂಡತಿ. ಅವಳು ಯಾವ ಸರಕಾರಕ್ಕೂ ಒಂದು ಪೈಸೆ ಬಾಕಿ ಇಟ್ಟವಳಲ್ಲ.

ನಮ್ಮ ಎದುರುಮನೆಯ ಭಟ್ಕಳದ ಕುಟುಂಬದಲ್ಲಿ ಪ್ರತಿ ರಂಜಾನಿನಲ್ಲಿ ಝಕಾತ್ ಲೆಕ್ಕ ಹಾಕುವುದನ್ನು ನೋಡುತ್ತೇವೆ. ಒಂದು ಚಾಂದ್ರವರ್ಷ ಕೈಯಲ್ಲುಳಿದ ಹಣ, ಚಿನ್ನ ಗೊತ್ತಾದ ಮಿತಿ ದಾಟಿದ್ದರೆ ಅದರ ನಲವತ್ತರಲ್ಲೊಂದು ಭಾಗ. ಅವರ ಉಳಿತಾಯದಿಂದ ಯಾರೂ ಮೊದಲೇ ಹಿಡಿಯುವುದಿಲ್ಲ. ತಾವೇ ಎಣಿಸಿ, ತಾವೇ ತೆಗೆದಿಡುತ್ತಾರೆ. ಆ ಭಾಗ ಬೇರೆಯವರದು, ನಮ್ಮ ಕಪಾಟಿನಲ್ಲಿ ಇದೆ ಅಷ್ಟೇ ಎಂದು ಮನೆಯ ಹಿರಿಯರೊಮ್ಮೆ ಹೇಳಿದ್ದರು. ಕೊಡಬೇಕಾದ ತೆರಿಗೆಯ ವಿಷಯದಲ್ಲಿ ನಮಗೆ ಆ ಭಾವ ಬಂದದ್ದೇ ಇಲ್ಲ. ಕಪಾಟಿನಲ್ಲಿದ್ದದ್ದೆಲ್ಲ ನಮ್ಮದೆಂದೇ ತಿಳಿದಿದ್ದೆವು.

ಈಗ ಬಾಡಿಗೆಯಲ್ಲಿ ತೆರಿಗೆ ಹಿಡಿದೇ ಕೊಡಿ ಎಂದು ಬಾಡಿಗೆಯವರಿಗೆ ಹೇಳಿದ್ದೇವೆ. ಬಡ್ಡಿಯ ವಿಷಯದಲ್ಲಿ ಇನ್ನೂ ಒಮ್ಮತವಿಲ್ಲ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ಬರುವ ಹಣ ಬಂದಾಗಲೇ ಬರಲಿ, ಕೊಡಬೇಕಾದ್ದನ್ನು ಬೇರೆ ಖಾತೆಯಲ್ಲಿ ಇಡೋಣ ಎಂದು ಒಬ್ಬರು. ಬೇರೆ ಖಾತೆಯೂ ನಮ್ಮದೇ ತಾನೇ, ಕೀಲಿಕೈ ನಮ್ಮ ಹತ್ತಿರವೇ ಇರುತ್ತದೆ, ಹೆಚ್ಚು ಹಿಡಿದು ವಾಪಸು ಕೊಟ್ಟರೇ ಒಳ್ಳೆಯದು ಎಂದು ಇನ್ನೊಬ್ಬರು.

ಸರ, ಬಳೆಗಳನ್ನು ಮರುವಾರವೇ ಬಿಡಿಸಿದ್ದಾಯಿತು. ಸರಕಾರ ಕೊಟ್ಟ 26,520ಕ್ಕೆ ಕೈಯಿಂದ 980 ಸೇರಿಸಿ, ಕಾದದ್ದು ನೀನು, ಬಡ್ಡಿಯೂ ನಿನ್ನದೇ ಎಂದು ಫೋನಿನಲ್ಲಿ ಹೇಳಿದೆವು. “ಅಯ್ಯೋ ಅಕ್ಕ, ಅತ್ತೆಗೆ ಮಾಡಿದ್ದಕ್ಕೆ ಬಡ್ಡಿ ತಗೋತೀನಾ? ಭಾವನವರಿಗೆ ಹೇಳಿ, ಅದೆಲ್ಲ ಬೇಡ” ಎಂದಳು. ಎರಡು ಸಲ ಕಳಿಸಿದೆವು, ಎರಡು ಸಲವೂ ತಮ್ಮ ತಿರುಗಿ ನಮ್ಮ ಖಾತೆಗೇ ಹಾಕಿದ. 27,500 ರೂಪಾಯಿ ಈಗಲೂ ಅಲ್ಲೇ ಇದೆ. ರೀಫಂಡಿನ ಮೇಲೆ ಬಂದ ಬಡ್ಡಿಯೂ ಆದಾಯವೇ ಆದ್ದರಿಂದ ಅದನ್ನು ಆ ವರ್ಷದ ರಿಟರ್ನ್‌ನಲ್ಲಿ ತೋರಿಸಬೇಕಂತೆ. ಯಾರ ಆದಾಯವೆಂದು ತೋರಿಸುವುದೋ, ಆ ಅರ್ಜಿಯಲ್ಲಿ ಬರೆಯಲು ನಮ್ಮ ಹೆಸರಿಗೆ ಮಾತ್ರ ಜಾಗವಿದೆ.