ತಿರುಗಿ ಕರೆಯಲಾರದವರು

ಕೋಲಾರದ ಕಡೆಯ ಮದುವೆ ಛತ್ರಗಳಲ್ಲಿ ಊಟದ ಹಾಲ್‌ಗೆ ಹೋಗುವ ದಾರಿಯಲ್ಲೇ ಒಂದು ಮೇಜು ಹಾಕಿರುತ್ತಾರೆ. ಮೇಲೊಂದು ಉದ್ದನೆಯ ನೋಟ್‌ಪುಸ್ತಕ. ಮೊದಲ ಹಾಳೆಯ ಮೂಲೆಗೆ ಅರಿಶಿನ, ತಲೆಯಲ್ಲಿ ‘ಶ್ರೀ’. ಕ್ರೈಸ್ತರ ಮದುವೆಯಾದರೆ ಆ ಜಾಗದಲ್ಲೊಂದು ಶಿಲುಬೆ ಗುರುತು, ಮಿಕ್ಕಿದ್ದೆಲ್ಲ ಒಂದೇ. ಮನೆಯವರ ಪೈಕಿ ಅಕ್ಷರ ದುಂಡಗಿರುವ ಹುಡುಗ ಬರೆಯುತ್ತಾನೆ, ಸೋದರಮಾವನೊಬ್ಬ ದುಡ್ಡೆಣಿಸಿ ಚೀಲಕ್ಕೆ ಹಾಕುತ್ತಾನೆ. ಮುಳಬಾಗಿಲಿನವರು ಯಾರೋ ಐನೂರ ಒಂದು, ಮಾಲೂರಿನ ಬೀಗರ ಕಡೆಯವರು ಸಾವಿರದ ಒಂದು, ಶ್ರೀನಿವಾಸಪುರದ ಮಾವಿನ ಮಂಡಿಯವರು ಎರಡು ಸಾವಿರ. ಕೆಲವು ಕಡೆ ಇದನ್ನು ಮೈಕಿನಲ್ಲಿ ಕೂಗಿ ಹೇಳುವುದೂ ಉಂಟು. ಮುಯ್ಯಿ ಎಂದರೆ ಇದು.

ಮದುವೆ ಮುಗಿದ ಮೇಲೆ ಆ ಪುಸ್ತಕ ಜಮೀನಿನ ಪತ್ರಗಳ ಜೊತೆ ಬೀರು ಸೇರುತ್ತದೆ. ವರ್ಷಗಳ ನಂತರ ಯಾರಾದರೂ ಲಗ್ನಪತ್ರಿಕೆ ಕೊಟ್ಟು ಹೋದರೆ ಮನೆಯ ಹಿರಿಯಮ್ಮ ಅದನ್ನು ತೆಗೆಸಿ, ‘ನೋಡೋ, ಅವರು ನಮ್ಮ ರತ್ನನ ಮದುವೆಗೆ ಎಷ್ಟು ಹಾಕಿದ್ರು’ ಅನ್ನುತ್ತಾಳೆ. ಇನ್ನೂರ ಒಂದು ಎಂದಿದ್ದರೆ ಈ ಕಾಲಕ್ಕೆ ಅದು ಐನೂರಾದರೂ ಆಗಬೇಕು. ಕಡಿಮೆಯಾದರೆ ಮಾತು ಬರುತ್ತದೆ, ಹೋಗದೇ ಇದ್ದರೆ ನೆಂಟಸ್ತನವೇ ಕೆಡುತ್ತದೆ. ಹಣ ಬೇಡ ಎಂದವರು ಸ್ಟೀಲ್ ಬಿಂದಿಗೆ ಕೊಡುತ್ತಾರೆ. ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು ಕೊರೆದಿರುತ್ತದೆ. ಆ ಮನೆಯಲ್ಲಿ ನೀರು ತುಂಬುವಷ್ಟು ದಿನವೂ ಹೆಸರು ಕಣ್ಣಿಗೆ ಬೀಳುತ್ತಲೇ ಇರಬೇಕು.

ಮುಯ್ಯಿಯನ್ನು ಹೀಗಳೆಯುವುದು ಸುಲಭ. ಪೇಟೆಯಲ್ಲಿ ಸಂಬಳ ಎಣಿಸುವ ಮಂದಿಗೆ ಇದು ವ್ಯಾಪಾರದಂತೆ ಕಾಣುತ್ತದೆ. ಆದರೆ ಎರಡು ಎಕರೆ ಖುಷ್ಕಿ ಜಮೀನಿನವನು ಬ್ಯಾಂಕಿನ ಬಾಗಿಲು ತುಳಿಯದೆ ಮಗಳ ಮದುವೆ ಮಾಡಿ ಮುಗಿಸಲು ಈ ಪುಸ್ತಕವೇ ಆಧಾರ. ಊರೆಲ್ಲ ಸೇರಿ ಬಡ್ಡಿಯಿಲ್ಲದೆ ಕೊಟ್ಟು, ಬಡ್ಡಿಯಿಲ್ಲದೆ ಹಿಂತಿರುಗಿ ಪಡೆಯುವ ಏರ್ಪಾಡು ಅದು. ನಮ್ಮ ಹಿರಿಯರು ದಡ್ಡರಲ್ಲ.

ಅದರಲ್ಲಿ ಒಂದು ಕೊರತೆ ಮಾತ್ರ ಇದೆ. ಹಿಂತಿರುಗಿಸಲು ಏನೂ ಇಲ್ಲದವನಿಗೆ ಆ ಪುಸ್ತಕದಲ್ಲಿ ಸಾಲೂ ಇಲ್ಲ. ಅವನನ್ನು ಕರೆಯಬಾರದು ಎಂದು ಯಾರೂ ಹೇಳುವುದಿಲ್ಲ. ಕರೆದರೂ ಅವನೇ ಬರುವುದಿಲ್ಲ, ಅಷ್ಟೆ. ಮೇಜಿನ ಮುಂದೆ ಬರಿಗೈಯಲ್ಲಿ ಹಾದುಹೋಗಿ ಎಲೆಯ ಮುಂದೆ ಕೂರುವುದಕ್ಕೆ ಮುಜುಗರ. ಬಂದರೂ ಕೊನೆಯ ಪಂಕ್ತಿಗೆ, ಹಿಂಬಾಗಿಲಿನಿಂದ.

ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ಕೈಯಿಡುವುದು ಸರಿಯಾಗಿ ಈ ಜಾಗಕ್ಕೆ. ಅವನು ಆಗ ಫರಿಸಾಯರ ಮುಖಂಡನೊಬ್ಬನ ಮನೆಯಲ್ಲಿ ಸಬ್ಬತ್ ದಿನದ ಊಟಕ್ಕೆ ಹೋಗಿದ್ದ. ಮೊದಲು ಅತಿಥಿಗಳಿಗೆ, ಮುಂದಿನ ಸಾಲಿಗೆ ನುಗ್ಗಬೇಡಿ ಎಂದು ಬುದ್ಧಿ ಹೇಳಿದ. ಆಮೇಲೆ ಊಟ ಹಾಕಿಸಿದವನ ಕಡೆಗೇ ತಿರುಗಿದ. ಔತಣ ಮಾಡಿದರೆ ನೆಂಟರನ್ನೂ ಸ್ನೇಹಿತರನ್ನೂ ಸಿರಿವಂತ ನೆರೆಯವರನ್ನೂ ಕರೆಯಬೇಡ, ಅವರು ನಿನ್ನನ್ನು ತಿರುಗಿ ಕರೆದುಬಿಟ್ಟಾರು, ಲೆಕ್ಕ ಅಲ್ಲಿಗೆ ಚುಕ್ತಾ ಆಗಿಬಿಟ್ಟೀತು, ಬಡವರನ್ನೂ ಊನವಾದವರನ್ನೂ ಕುಂಟರನ್ನೂ ಕುರುಡರನ್ನೂ ಕರೆ ಎಂಬ ಅರ್ಥದ ಮಾತು. ಯಜಮಾನನ ಅನ್ನ ಉಣ್ಣುತ್ತಾ ಯಜಮಾನನಿಗೇ ಹೀಗೆ ಹೇಳುವ ಅತಿಥಿಯನ್ನು ನಾವು ಎರಡನೇ ಸಲ ಕರೆಯುತ್ತಿರಲಿಲ್ಲ. ಅಲ್ಲಿದ್ದವರಿಗೂ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿರಬೇಕು. ಒಬ್ಬ ಕೂಡಲೇ ಪರಲೋಕದ ಊಟದ ಭಾಗ್ಯದ ಬಗ್ಗೆ ಭಕ್ತಿಯ ಮಾತೆತ್ತುತ್ತಾನೆ. ಮಾತು ಮರೆಸುವುದಕ್ಕೇ ಅವನು ಹಾಗೆ ಮಾಡಿದ ಎಂದು ನನಗನ್ನಿಸುತ್ತದೆ. ಯೇಸು ಬಿಡದೆ ಮತ್ತೊಂದು ಔತಣದ ಕತೆಯನ್ನೇ ಶುರುಮಾಡುತ್ತಾನೆ.

ತಿರುಗಿ ಕರೆಯಲಾರದವರೇ ಊರು ತುಂಬಿದ್ದ ಕಾಲವೊಂದು ಕೋಲಾರ ಸೀಮೆಗೆ ಬಂದಿತ್ತು. 1876ರಿಂದ 1878ರವರೆಗಿನ ಬರ. ಹಳಬರ ಬಾಯಲ್ಲಿ ಧಾತು ಈಶ್ವರದ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ಮೀರಿದ್ದರು, 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ ಉಳಿದಿದ್ದರು. ಕೆರೆಗಳನ್ನೇ ನಂಬಿದ ನಾಡು ಇದು. ಕೆರೆಯ ಹೊಟ್ಟೆ ಬಿರಿದರೆ ಇಲ್ಲಿ ಮುಯ್ಯಿಯೂ ಇಲ್ಲ, ಸಾಲವೂ ಇಲ್ಲ, ಕೊಡುವವನೂ ಬೇಡುವವನೂ ಒಂದೇ ದಾರಿಯಲ್ಲಿ ಗುಳೆ ಹೋಗುತ್ತಾರೆ. ಆಗ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ತಬ್ಬಲಿ ಮಕ್ಕಳನ್ನು ಸೇರಿಸಿಕೊಂಡು ಅನಾಥಾಲಯ ನಡೆಸಿದರು. ಅದು ನಡೆದಿದ್ದು ದಾನಿಗಳು ಕಳಿಸಿದ ಹಣದಲ್ಲಿ. 1890ರಲ್ಲಿ ಆ ಕೆಲಸವನ್ನೆಲ್ಲ ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿದರು. ಕೋಲಾರದ ಮೆಥೋಡಿಸ್ಟ್ ಸಭೆಯ ಹಳೆಯ ಮನೆತನಗಳನ್ನು ಕೆದಕಿದರೆ ಬರದ ಆ ಮಕ್ಕಳ ಕತೆಗೇ ಹೋಗಿ ಮುಟ್ಟುವುದುಂಟು.

ಇಲ್ಲಿ ಒಂದು ಆಕ್ಷೇಪವಿದೆ, ಹಳೆಯದು, ನ್ಯಾಯವಾದದ್ದು. ಅನ್ನ ಕೊಟ್ಟವರು ಜೊತೆಗೆ ತಮ್ಮ ಮತವನ್ನೂ ಕೊಟ್ಟರಲ್ಲ, ಹಸಿದ ಮಗುವಿಗೆ ಬೇಡ ಅನ್ನುವ ಶಕ್ತಿ ಎಲ್ಲಿತ್ತು? ಈ ಪ್ರಶ್ನೆಯನ್ನು ಕ್ರೈಸ್ತರು ತಳ್ಳಿಹಾಕಬಾರದು. ಕೊಟ್ಟದ್ದಕ್ಕೆ ಪ್ರತಿಯಾಗಿ ನಂಬಿಕೆಯನ್ನು ನಿರೀಕ್ಷಿಸಿದರೆ ಅದೂ ಮುಯ್ಯಿಯೇ. ನೋಟ್‌ಪುಸ್ತಕ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಲೂಕನ 14ನೇ ಅಧ್ಯಾಯದ ಮಾತನ್ನು ನೆಟ್ಟಗೆ ಓದಿದರೆ ಅದು ಮಿಷನರಿಗೂ ತಾಗುತ್ತದೆ. ಇನ್ನೊಂದು ಪಕ್ಕವನ್ನೂ ಹೇಳಬೇಕು. ಆ ಎರಡು ವರ್ಷ ಆ ಮಕ್ಕಳ ಕೈಗೆ ಬೇರೆ ಯಾರ ಮನೆಯ ಮುದ್ದೆ ಬರುತ್ತಿತ್ತು ಎಂಬ ಪ್ರಶ್ನೆಗೆ ಆಕ್ಷೇಪಿಸುವವರ ಹತ್ತಿರವೂ ಸಲೀಸಾದ ಉತ್ತರವಿಲ್ಲ.

ನನ್ನ ಮಟ್ಟಿಗೆ ಕೊಡುಗೆಯ ನಿಜವಾದ ಪರೀಕ್ಷೆ ನಡೆದದ್ದು ಆಮೇಲೆ, ಆಸ್ಪತ್ರೆಯಲ್ಲಿ. ಕೋಲಾರದವರು ದಿನಕ್ಕೆ ಹತ್ತು ಸಲ ‘ಇಟಿಸಿಎಂ’ ಅನ್ನುತ್ತಾರೆ. ಆಟೋದವನಿಗೆ ಇಟಿಸಿಎಂ ಸರ್ಕಲ್ ಎಂದರೆ ಸಾಕು. ಎಲೆನ್ ತೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ, 1910ರದು. ಎಲೆನ್ ಲಖನೌದಲ್ಲಿ ಹೆಣ್ಣುಮಕ್ಕಳ ಕಾಲೇಜು ಕಟ್ಟಿದ ಇಸಬೆಲ್ಲಾ ತೋಬರ್ನ್ ಅವರ ಒಡಹುಟ್ಟಿದವಳು. ಇಸಬೆಲ್ಲಾರನ್ನೂ ಡಾ. ಕ್ಲಾರಾ ಸ್ವೇನ್ ಅವರನ್ನೂ ಭಾರತಕ್ಕೆ ಕಳಿಸಿದ್ದು 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮೆಥೋಡಿಸ್ಟ್ ಹೆಂಗಸರ ಮಿಷನ್ ಸಂಘ, ಈ ಆಸ್ಪತ್ರೆಯ ಹಿಂದಿದ್ದದ್ದೂ ಅದೇ. ಆ ಸಂಘದ ಸದಸ್ಯೆಯರ ಚಂದಾ ವಾರಕ್ಕೆ ಎರಡು ಸೆಂಟ್, ವರ್ಷಕ್ಕೆ ಒಂದು ಡಾಲರ್, ಜೊತೆಗೊಂದು ಪ್ರಾರ್ಥನೆ. ಕೋಟ್ಯಧಿಪತಿಗಳ ಚೆಕ್ಕು ಅದರ ಬುನಾದಿಯಲ್ಲ. ಮನೆಖರ್ಚಿನಲ್ಲಿ ಉಳಿಸಿದ ಪುಡಿಗಾಸು. ಕೊಟ್ಟ ಹೆಂಗಸರಲ್ಲಿ ಬಹುತೇಕರು ಸಮುದ್ರವನ್ನೇ ದಾಟಿದವರಲ್ಲ. ಅವರ ಹಣದಿಂದ ಯಾವ ಊರಿನ ಯಾವ ತಾಯಿಯ ಹೆರಿಗೆ ಸಲೀಸಾಯಿತು ಎಂದು ಅವರಿಗೆ ತಿಳಿಯುವಂತಿರಲಿಲ್ಲ. ಆ ತಾಯಿಗೂ ಯಾರ ಹೆಸರು ಹಿಡಿದು ಹರಸಬೇಕೆಂದು ತಿಳಿಯುವಂತಿರಲಿಲ್ಲ.

ಎರಡು ಕಾಸು ಎಂದ ಕೂಡಲೇ ಮಾರ್ಕನ ಸುವಾರ್ತೆಯ ಬಡ ವಿಧವೆ ನೆನಪಾಗುತ್ತಾಳೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿ, ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಎಂದು ಯೇಸುವಿನಿಂದ ಅನ್ನಿಸಿಕೊಂಡವಳು. ಸಭೆಗಳಲ್ಲಿ ಕಾಣಿಕೆ ಎತ್ತುವ ಮುಂಚೆ ಈ ಕತೆ ಹೇಳುವ ರೂಢಿ ಇದೆ. ಹೇಳುವವರು ಅದಕ್ಕಿಂತ ಎರಡೇ ಸಾಲು ಹಿಂದಿನದನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ಯೇಸು ವಿಧವೆಯರ ಮನೆ ನುಂಗುವ, ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಮೇಲೆ ಕಿಡಿಕಾರುತ್ತಾನೆ. ಎರಡನ್ನೂ ಸೇರಿಸಿ ಓದಿದರೆ ಬಡವಳ ಕಾಣಿಕೆಯನ್ನು ಹೊಗಳುವವನು ಆ ಕಾಣಿಕೆ ಎಣಿಸುವವರ ಮೇಲೂ ಕಣ್ಣಿಟ್ಟಿದ್ದಾನೆ ಎಂದು ಗೊತ್ತಾಗುತ್ತದೆ.

ನಮ್ಮ ಸಭೆಗಳ ಬೆಳೆ ಹಬ್ಬದಲ್ಲಿ ಇದೆಲ್ಲ ಒಟ್ಟಿಗೇ ನೋಡಸಿಗುತ್ತದೆ. ವೇದಿಕೆಯ ಮುಂದೆ ರಾಗಿ ತೆನೆಯ ಕಟ್ಟು, ಕುಂಬಳಕಾಯಿ, ಬಾಳೆಗೊನೆ, ಅವರೆಕಾಯಿ, ಒಂದು ಟ್ರೇ ಮೊಟ್ಟೆ, ಕಾಲು ಕಟ್ಟಿದ ಹುಂಜ. ಪಾದ್ರಿಯವರು ಪ್ರಾರ್ಥಿಸುವಾಗಲೇ ಹುಂಜ ಕೂಗಿ ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತವೆ. ಆರಾಧನೆ ಮುಗಿದ ಮೇಲೆ ಹರಾಜು. ಅಜ್ಜಿಯೊಬ್ಬಳು ಹಿತ್ತಲಿಂದ ತಂದ ಕುಂಬಳಕಾಯಿ ಸಾವಿರಕ್ಕೆ ಹೋಗುತ್ತದೆ. ಕೂಗಿದವನು ಅದನ್ನು ಮತ್ತೆ ಸಭೆಗೇ ಬಿಟ್ಟುಕೊಡುತ್ತಾನೆ, ಇನ್ನೊಬ್ಬ ಕೂಗುತ್ತಾನೆ. ಒಂದೇ ಕಾಯಿ ಮೂರು ಸಲ ಮಾರಾಟವಾಗುವುದನ್ನು ನೋಡುವುದೇ ಚೆಂದ. ಆದರೆ ಮೈಕ್ ಇರುವ ಕಡೆ ಕೂಗಿದವನ ಹೆಸರು ಮೂರು ಸಲ ಕೇಳಿಬರುತ್ತದೆ, ಅಜ್ಜಿಯ ಹೆಸರು ಒಂದು ಸಲವೂ ಕೇಳಿಸುವುದಿಲ್ಲ. ಛತ್ರದ ಮೇಜು ದೇವಾಲಯದೊಳಗೆ ಬಂದು ಕೂತುಕೊಳ್ಳುವುದು ಹೀಗೆ. ದಾನಿಗಳ ಹೆಸರು ಬರೆಸಿಕೊಂಡ ಫ್ಯಾನಿನ ರೆಕ್ಕೆಗಳ ಬಗ್ಗೆ ನಾನು ಹೇಳುವುದಿಲ್ಲ. ತಿರುಗುವಾಗ ಅವನ್ನು ಹೇಗೂ ಓದಲಾಗುವುದಿಲ್ಲ.

ಟೊಮೆಟೊ ವಿಚಾರ ಇನ್ನೂ ಬಿಗಿಯಾದದ್ದು. ಕೋಲಾರದ ಮಾರುಕಟ್ಟೆಯಲ್ಲಿ 2023ರ ಜುಲೈಯಲ್ಲಿ 15 ಕಿಲೋದ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ರೇಟು ಬಿದ್ದ ವಾರಗಳಲ್ಲಿ ಅದೇ ಹಣ್ಣನ್ನು ಬಿಡಿಸಿದ ಕೂಲಿಯೂ ಗಿಟ್ಟದೆ ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ರೇಟು ಬಿದ್ದಾಗ ದೇವರಿಗೆಂದು ತಂದ ಬಾಕ್ಸು ಕಾಣಿಕೆಯೇ? ಎರಡನೇ ಸಮುವೇಲನ ಪುಸ್ತಕದ ಕೊನೆಯಲ್ಲಿ ಅರಸ ದಾವೀದನಿಗೆ ಅರೌನ ಎಂಬ ರೈತ ತನ್ನ ಕಣವನ್ನೂ ಎತ್ತುಗಳನ್ನೂ ಪುಕ್ಕಟೆ ಕೊಡಲು ಬರುತ್ತಾನೆ. ಕೈಯಿಂದ ಏನೂ ಖರ್ಚಾಗದ್ದನ್ನು ದೇವರಿಗೆ ಅರ್ಪಿಸಲಾರೆ ಎಂದು ದಾವೀದ 50 ಶೆಕೆಲ್ ಬೆಳ್ಳಿ ಕೊಟ್ಟೇ ಕೊಳ್ಳುತ್ತಾನೆ. ಆ ಅಳತೆಯಲ್ಲಿ ಬಿದ್ದ ರೇಟಿನ ಟೊಮೆಟೊ ಕಾಣಿಕೆಯಾಗುವುದಿಲ್ಲ. ತಿನ್ನುವವನ ಅಳತೆ ಬೇರೆ, ಅವನ ಮನೆಯ ಸಾರಿಗೆ ರೇಟಿನ ಹಂಗಿಲ್ಲ. ಸುರಿದು ಹೋಗುವ ಬದಲು ಹಾಸ್ಟೆಲ್ಲಿನ ಬಾಗಿಲಿಗೆ ಇಳಿಸಿ ಹೋಗುವುದು ಒಳ್ಳೆಯದೇ. ಅದನ್ನು ತ್ಯಾಗವೆಂದು ಕರೆದುಕೊಳ್ಳದಿದ್ದರಾಯಿತು.

ಮೋಶೆಯ ಧರ್ಮಶಾಸ್ತ್ರಕ್ಕೆ ಕೊಡುವವನ ಈ ಚಪಲ ಚೆನ್ನಾಗಿ ಗೊತ್ತಿತ್ತು. ಯಾಜಕಕಾಂಡದ 19ನೇ ಅಧ್ಯಾಯ ಹೊಲದ ಮೂಲೆಗಳನ್ನು ಕೊಯ್ಯಬೇಡಿ, ಬಿದ್ದ ತೆನೆ ಆರಿಸಬೇಡಿ, ಬಡವನಿಗೂ ಪರದೇಶಿಗೂ ಬಿಡಿ ಎಂದು ವಿಧಿಸುತ್ತದೆ. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಈ ಕಟ್ಟಳೆಯ ಬಲದಿಂದ. ನಮ್ಮ ಕಡೆ ಕಡಲೆಕಾಯಿ ಕಿತ್ತ ಹೊಲಕ್ಕೆ ಹೆಂಗಸರು ಮಕ್ಕಳು ಪುಟ್ಟ ಗುದ್ದಲಿ ಹಿಡಿದು ಇಳಿಯುತ್ತಾರೆ. ಬಳ್ಳಿ ಕಿತ್ತಾಗ ಮಣ್ಣಲ್ಲೇ ಉಳಿದ ಕಾಯಿ ಅವರದು. ಹೊಲದವನು ಅಲ್ಲಿ ನಿಂತಿರುವುದಿಲ್ಲ, ನಿಲ್ಲಬಾರದು. ಆರಿಸಿಕೊಂಡವರು ಅವನಿಗೆ ಕೈಮುಗಿಯಬೇಕಾಗಿಲ್ಲ. ಕೊಡುವುದರಲ್ಲಿ ಇಷ್ಟು ಮರ್ಯಾದೆಯ ರೀತಿ ಇನ್ನೊಂದು ನನಗೆ ಗೊತ್ತಿಲ್ಲ. ಕಾಣಿಕೆ ಪೆಟ್ಟಿಗೆಯಲ್ಲಿ ಹಾಕಿದವನಿಗೆ ಒಂದಿಷ್ಟು ಹೆಮ್ಮೆಯಾದರೂ ಉಳಿಯುತ್ತದೆ, ಇಲ್ಲಿ ಅದೂ ಇಲ್ಲ.

ಹಾಗಾದರೆ ಪಡೆದವನ ಕೃತಜ್ಞತೆ? ಲೂಕನ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗುತ್ತಾರೆ, ಹಿಂತಿರುಗಿ ಬಂದು ಕಾಲಿಗೆ ಬೀಳುವವನು ಒಬ್ಬನೇ, ಅವನೂ ಸಮಾರ್ಯದವನು. ಮಿಕ್ಕ ಒಂಬತ್ತು ಜನ ಎಲ್ಲಿ ಎಂದು ಯೇಸು ಕೇಳುತ್ತಾನೆ. ಕೇಳುವುದರಲ್ಲಿ ನೋವಿದೆ. ಪ್ರಸಂಗಗಳಲ್ಲಿ ಆ ಒಂಬತ್ತು ಜನರಿಗೆ ಸಿಗುವ ಬೈಗುಳ ಅಷ್ಟಿಷ್ಟಲ್ಲ. ಆದರೆ ಅವರ ರೋಗ ಮರುಕಳಿಸಿತು ಎಂದು ಲೂಕ ಬರೆದಿಲ್ಲ. ಅವರು ಯಾಜಕರಿಗೆ ಮೈ ತೋರಿಸಿ, ಮನೆಗೆ ಹೋಗಿ, ವರ್ಷಗಟ್ಟಲೆ ಹೊರಗಿದ್ದವರು ಹೆಂಡತಿ ಮಕ್ಕಳ ಜೊತೆ ಕೂತು ಉಂಡಿರಬೇಕು. ಕೊಟ್ಟದ್ದನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಇಟಿಸಿಎಂ ಎಂಬ ನಾಲ್ಕಕ್ಷರದ ಹಿಂದೆ ಒಬ್ಬ ಹೆಂಗಸಿನ ಹೆಸರಿದೆ ಎಂಬುದು ಅಲ್ಲಿ ಬಸ್ಸಿಳಿಯುವ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಹೊರರೋಗಿ ಚೀಟಿ ಬರೆಸುವುದಕ್ಕೆ ಅದು ಗೊತ್ತಿರಬೇಕೆಂಬ ನಿಯಮವೂ ಇಲ್ಲ. ವಾರಕ್ಕೆ ಎರಡು ಸೆಂಟ್ ಕೊಟ್ಟ ಆ ಹೆಂಗಸರು ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಿದ್ದರು ಎಂದು ನನಗೇನೂ ಅನ್ನಿಸುವುದಿಲ್ಲ.