ಎರಡು ಸಲ ಬಂದ ಬುಧವಾರ

ನಮ್ಮ ಯಜಮಾನರು ಚಿತ್ರದುರ್ಗ–ಹೊಸದುರ್ಗ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಹೊಳಲ್ಕೆರೆ ಎಷ್ಟು ದೂರ ಎಂದು ಕೇಳಿದರೆ ಕಿಲೋಮೀಟರು ಹೇಳುತ್ತಿರಲಿಲ್ಲ, 'ಮುಕ್ಕಾಲು ಗಂಟೆ' ಎನ್ನುತ್ತಿದ್ದರು. ಸಂತೆಯ ದಿನವಾದರೆ 'ಒಂದೂಕಾಲು'. ಅವರು ಹೋದ ಮೇಲೆ ಪ್ರತಿ ಮಹಾಲಯ ಅಮಾವಾಸ್ಯೆಗೂ ಹಿರಿಯೂರಿನಲ್ಲಿ ನಾನು, ಆಕ್ಲೆಂಡಿನಲ್ಲಿ ಮಗ, ಎಡೆ ಇಡುತ್ತೇವೆ.

2024ರಲ್ಲಿ ಅದು ಅಕ್ಟೋಬರ್ 2, ಬುಧವಾರ ಬಂತು. ಬೆಳಿಗ್ಗೆ ಮಗನಿಗೆ ಫೋನು ಮಾಡಿದೆ. ಅವನಿರುವಲ್ಲಿ ಆಗಲೇ ಮಧ್ಯಾಹ್ನ. "ಇವತ್ತು ಪುರುಸೊತ್ತಿಲ್ಲಮ್ಮ. ರಾತ್ರಿ ಹನ್ನೊಂದೂವರೆಗೆ ಹೊನೊಲುಲುಗೆ ವಿಮಾನ. ಅಲ್ಲಿ ಇಳಿದಾಗ ಮತ್ತೆ ಇದೇ ಬುಧವಾರ ಬೆಳಿಗ್ಗೆ. ಆಗ ಇಡ್ತೀನಿ ಬಿಡು" ಅಂದ.

ದ್ವೀಪದಿಂದ ದ್ವೀಪಕ್ಕೆ ಸುಮಾರು 7,100 ಕಿಲೋಮೀಟರು, ಒಂಬತ್ತು ಗಂಟೆ ಹಾರಾಟ. ನಡುವೆ ಸಮುದ್ರದ ಮೇಲೆ ದಿನರೇಖೆ. ಅದನ್ನು ಪೂರ್ವಕ್ಕೆ ದಾಟಿದವರ ತಾರೀಖು ಒಂದು ದಿನ ಹಿಂದಕ್ಕೆ ಹೋಗುತ್ತದೆ. ರಾತ್ರಿ ಹೊರಟವನು ಅದೇ ತಾರೀಖಿನ ಬೆಳಿಗ್ಗೆ ಒಂಬತ್ತೂವರೆಗೆ ಇಳಿದ. ದೇವರು ಒಂದು ದಿನ ಕೊಸರು ಕೊಟ್ಟ ಎಂದು ನನಗೂ ಅನಿಸಿತು.

ಆದರೂ ಮನಸ್ಸು ತಡೆಯದೆ ಲೆಕ್ಕ ಹಾಕಿದೆ. ಸೂರ್ಯನಿಂದ ಚಂದ್ರ 12 ಡಿಗ್ರಿ ಸರಿಯುವಷ್ಟು ಹೊತ್ತು ಒಂದು ತಿಥಿ. ಇಬ್ಬರೂ ಕೂಡುವ ಗಳಿಗೆಗೆ ಅಮಾವಾಸ್ಯೆ ತೀರುತ್ತದೆ. ಆ ಗಳಿಗೆ ಲೋಕಕ್ಕೆಲ್ಲ ಒಂದೇ: ನಮ್ಮಲ್ಲಿ ಮಧ್ಯರಾತ್ರಿ ಕಳೆದು 19 ನಿಮಿಷ, ಹೊನೊಲುಲುವಿನಲ್ಲಿ ಬೆಳಿಗ್ಗೆ 8 ಗಂಟೆ 49 ನಿಮಿಷ. ಆ ಹೊತ್ತಿಗೇ ಪೆಸಿಫಿಕ್ ಮೇಲೆ ಕಂಕಣ ಸೂರ್ಯಗ್ರಹಣವೂ ಹಿಡಿದಿತ್ತು. ಮಗ ನೆಲ ಮುಟ್ಟುವ ಮುಂಚೆಯೇ ಪಾಡ್ಯ ಹತ್ತಿತ್ತು. ಬುಧವಾರ ಎರಡು ಸಲ ಬಂತು, ಅಮಾವಾಸ್ಯೆ ಬರಲಿಲ್ಲ.

ತಾರೀಖು ಬಸ್ಸಿನ ಬೋರ್ಡು, ತಿಥಿ ಬಸ್ಸು. 2011ರಲ್ಲಿ ಸಮೋವಾ ದೇಶ ದಿನರೇಖೆಯ ಆಚೆ ಬದಿಗೆ ಸೇರಲು ಡಿಸೆಂಬರ್ 30ನ್ನೇ ಕೈಬಿಟ್ಟಿತು. ಅಲ್ಲಿ 29ರ ಮರುದಿನ 31. ಬೋರ್ಡು ಬದಲಿಸುವುದು ಸರ್ಕಾರದ ಕೈಲಿದೆ. ಚಂದ್ರ ಯಾರ ಸೀಟಿಗೂ ನಿಲ್ಲುವವನಲ್ಲ.

ಹಾಗಾದರೆ ಆ ವರ್ಷ ಮಗನ ಎಡೆ ಅಪ್ಪನಿಗೆ ತಪ್ಪಿತೇ? ಗಳಿಗೆ ಮೀರಿದರೆ ಹಿರಿಯರು ಹಸಿದು ಹಿಂತಿರುಗುತ್ತಾರೆ ಎಂಬುದನ್ನು ನಾನು ನಂಬುವುದಿಲ್ಲ. ಸತ್ತವರಿಗೆ ಯಾವ ಹೊತ್ತಾದರೇನು? ಹೊತ್ತು ಬೇಕಿರುವುದು ಬದುಕಿರುವ ನಮಗೆ. ಯಾವಾಗ ಬೇಕಾದರೂ ನೆನೆಯಬಹುದು ಎಂದುಕೊಂಡವರು ಕೊನೆಗೆ ನೆನೆಯುವುದೇ ಇಲ್ಲ. ಅದಕ್ಕೇ ನಮ್ಮವರು ಋಣಕ್ಕೊಂದು ದಿನ ಗೊತ್ತು ಮಾಡಿದರು. ನೆನಪಿಗೆ ಹೊತ್ತಿಲ್ಲ, ಋಣಕ್ಕೆ ಉಂಟು.

ಮಗನಿಗೆ ಹೇಳಿದೆ: "ತಪ್ಪಿದ್ದು ತಪ್ಪಿತು. ಇಟ್ಟೆ ಅಂತ ನಿನಗೆ ನೀನೇ ಸುಳ್ಳು ಹೇಳ್ಕೋಬೇಡ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದೀಪಾವಳಿಗೆ ಹಿರಿಯರ ಎಡೆ ಇಡ್ತಾರೆ. ಅವತ್ತು ರಜೆ ಹಾಕು."

ಹಾಕಿದ. ಕರಿಗಡಬು ಮಾಡಲು ಬರಲಿಲ್ಲವಂತೆ. ಅನ್ನ, ತುಪ್ಪ, ಅಂಗಡಿಯ ಹೋಳಿಗೆ ಬಡಿಸಿ, ಪಕ್ಕದಲ್ಲಿ ಅಪ್ಪನ ಹಳೇ ಸೀಟಿ ಇಟ್ಟ.