ಮಲಪ್ರಭೆಯ ದಂಡೆಯಲ್ಲಿ ಸ್ಥಾವರ ಮತ್ತು ಜಂಗಮ

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಅರ್ಚಿಸುವ ಭಕ್ತನಿಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಕಲ್ಲುಗುಡಿಗಳಿಂದ ಆಗಬೇಕಾದುದೇನು? ಕೂಡಲಸಂಗಮದ ಯಾತ್ರೆಗೆ ಹೊರಟ ಸದ್ಭಕ್ತರ ಮನೆಗಳಲ್ಲಿ ಈ ಪ್ರಶ್ನೆ ಏಳುವುದುಂಟು. ನೇರವಾಗಿ ಸಂಗಮಕ್ಕೆ ಹೋಗಿಬಂದರೆ ಸಾಕೆಂದು ಹಿರಿಯರು. ದಾರಿಯಲ್ಲಿರುವುದನ್ನೆಲ್ಲ ನೋಡಿಯೇ ಹೋಗೋಣವೆಂದು ಕಿರಿಯರು. ಪ್ರಶ್ನೆ ಹುರುಳಿಲ್ಲದ್ದಲ್ಲ. ಕಟ್ಟಿ ನಿಲ್ಲಿಸಿದುದು ಒಂದು ದಿನ ಬೀಳುವುದೆಂದೂ, ನಡೆದಾಡುವ ಜಂಗಮತತ್ತ್ವವೇ ಉಳಿಯುವುದೆಂದೂ ಬಸವಣ್ಣನವರು ಬೋಧಿಸಿದ ಬಳಿಕ ಶರಣಧರ್ಮದವನು ಸ್ಥಾವರದ ಮುಂದೆ ಏಕೆ ನಿಲ್ಲಬೇಕು?

ಉತ್ತರವನ್ನು ಮಲಪ್ರಭೆಯೇ ಹೇಳುವಂತಿದೆ. ಕಣಕುಂಬಿಯಲ್ಲಿ ಹುಟ್ಟಿ ಸುಮಾರು 300 ಕಿಲೋಮೀಟರು ಹರಿದು ಕೃಷ್ಣೆಯನ್ನು ಕೂಡುವ ಈ ನದಿಯ ಕಣಿವೆಯಲ್ಲಿಯೇ ಚಾಲುಕ್ಯರ ಶಿಲ್ಪವೆಲ್ಲ ಬೆಳೆಯಿತು. ಬಾದಾಮಿಯ ಕೆಂಬಂಡೆಯಲ್ಲಿ ಮೊದಲು ಗುಹೆಗಳನ್ನು ಕೊರೆದರು. ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನದ ಕಾಲ ಕ್ರಿ. ಶ. 578. ಬಂಡೆಯನ್ನು ಕೊರೆದು ಕಲಿತ ಕೈಗಳೇ ಮುಂದೆ ಕಲ್ಲಿನ ಮೇಲೆ ಕಲ್ಲಿಟ್ಟು ಗುಡಿ ಕಟ್ಟಿದವು.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಯಾತ್ರಿಕನು ಸ್ವಲ್ಪ ಹೊತ್ತು ನಿಲ್ಲುವುದು ಯೋಗ್ಯ. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ಕುರುಹಾಗಿ ಅವನ ರಾಣಿ ಲೋಕಮಹಾದೇವಿಯು ಸುಮಾರು 740ರಲ್ಲಿ ಇದನ್ನು ಕಟ್ಟಿಸಿದಳು. ಗೆದ್ದ ಅರಸನು ಅಲ್ಲಿಯ ರಾಜಸಿಂಹೇಶ್ವರನ ಭಂಡಾರವನ್ನು ಮುಟ್ಟದೆ ದೇವರಿಗೇ ಮರಳಿಸಿದನೆಂದು ಕಂಚಿಯ ಗುಡಿಯಲ್ಲಿಯೇ ಕನ್ನಡ ಶಾಸನವಿದೆ. ಗೆಲುವಿಗಿಂತ ಈ ಸಂಯಮವೇ ದೊಡ್ಡದು. ಆದರೆ ಶರಣಮಾರ್ಗದವನ ಕಣ್ಣು ಹುಡುಕಬೇಕಾದುದು ಅರಸು-ರಾಣಿಯರನ್ನಲ್ಲ. ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದನ್ನಿತ್ತುದನ್ನೂ, ತೆಂಕಣ ದಿಕ್ಕಿನ ಸೂತ್ರಧಾರಿ ಸರ್ವಸಿದ್ಧಿ ಆಚಾರಿಯ ಹೆಸರನ್ನೂ ಅಲ್ಲಿಯ ಶಾಸನಗಳು ಸಾರುತ್ತವೆ. ದುಡಿದವನ ಹೆಸರು ದೇವರ ಗೋಡೆಯ ಮೇಲೆ ನಿಂತಿದೆ! ಹಾಗಿದ್ದರೂ ಗಣಿಯಲ್ಲಿ ಬಂಡೆ ಒಡೆದವರು, ಬಿಸಿಲಲ್ಲಿ ಅದನ್ನೆಳೆದು ತಂದವರು, ಉಳಿ ಮಸೆದು ಕೊಟ್ಟವರು ಎಲ್ಲಿ? ಅಂಥವರ ಹೆಸರುಗಳು ಕನ್ನಡ ನಾಡಿನಲ್ಲಿ ನಿಲ್ಲಲು ಮತ್ತೆ ನಾಲ್ಕು ಶತಮಾನ ಕಾಯಬೇಕಾಯಿತು. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ—ಕಾಯಕವನ್ನೇ ಹೆಸರಿನ ಮುಂದಿಟ್ಟು ನಡೆದ ಈ ಶರಣರಿಗೆ ಯಾವ ಅರಸನೂ ಬಿರುದು ಕೊಡಬೇಕಾಗಲಿಲ್ಲ.

ಇನ್ನೊಂದು ಸಂಗತಿಯೂ ವಿಚಾರಾರ್ಹವಾದುದು. ಗುಡಿಯ ಅಂಗಗಳಿಗೆ ಶಿಲ್ಪಿಗಳು ಶರೀರದ ಹೆಸರುಗಳನ್ನೇ ಇಟ್ಟಿದ್ದರು: ಗೋಡೆ ಜಂಘೆ, ಶಿಖರದ ಕೆಳಗಿನದು ಗ್ರೀವ. ಕಲ್ಲನ್ನು ದೇಹವೆಂದು ಅವರು ಭಾವಿಸಿದರು. ಶಿವಾಲಯ ಕಟ್ಟಿಸುವ ಸಿರಿಯಿಲ್ಲದವನ ದೇಹವನ್ನೇ ಶಿವನ ನಿಲಯವೆಂದು ಬಸವಣ್ಣನವರು ಕಂಡರು. ಮಾತು ತಿರುಗಿತು, ನೋಡಿರಿ. ಅದರೊಡನೆ ಬಾಗಿಲ ಹೊರಗೆ ನಿಂತಿದ್ದವನೂ ಒಳಗಾದನು. ಗುಡಿಯನ್ನು ಬಲ್ಲವನಿಗಲ್ಲದೆ ಈ ತಿರುವಿನ ಬೆಲೆ ಪೂರ್ತಿಯಾಗಿ ತಿಳಿಯದು.

ಐಹೊಳೆಯಲ್ಲಿ ಲಾಡಖಾನ ಗುಡಿಯ ಮಾಡಿನ ಕಲ್ಲುಗಳನ್ನು ಮರದ ತೊಲೆಗಳಂತೆ ಕಡೆದು ಹೊಂದಿಸಿದ್ದಾರೆ. ಮರ ಬಿಟ್ಟು ಕಲ್ಲು ಹಿಡಿದರೂ ಕೈಯ ರೂಢಿ ಬಿಡಲಿಲ್ಲ. ಕಲ್ಲಾದರೂ ಶಾಶ್ವತವೇ? 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಗುಡಿಗಳನ್ನು 2019ರ ಆಗಸ್ಟಿನಲ್ಲಿ ಇದೇ ಮಲಪ್ರಭೆಯ ನೆರೆ ಸುತ್ತುವರಿಯಿತು.

ಕೊನೆಗೆ ಸಂಗಮ. ಬಾಗೇವಾಡಿಯನ್ನು ತೊರೆದು ಬಂದ ಬಾಲಕ ಬಸವಣ್ಣ ವಿದ್ಯೆ ಕಲಿತುದು ಇಲ್ಲಿ, ಸಂಗಮನಾಥನ ಗುಡಿಯ ನೆರಳಿನಲ್ಲಿ. ಸ್ಥಾವರವನ್ನು ಮೀರೆಂದವರ ವಚನಗಳ ಅಂಕಿತವು ಆ ಕಲ್ಲುಗುಡಿಯ ದೇವನ ಹೆಸರೇ ಆಗಿರುವುದನ್ನು ವಿರೋಧಾಭಾಸವೆನ್ನುವವರಿದ್ದಾರೆ. ವಿರೋಧವೆಲ್ಲಿ? ಗುಡಿಯೊಳಗಿದ್ದ ಹೆಸರನ್ನು ಅವರು ನಾಲಗೆಯ ಮೇಲೆ ಹೊತ್ತು ಕಲ್ಯಾಣಕ್ಕೆ ನಡೆದರು. ಆ ಹೆಸರು ಜಂಗಮವಾಯಿತು. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಸಂಗಮವನ್ನು ಮುಟ್ಟಿದ ಮೇಲೆ ಐಕ್ಯಸ್ಥಳದ ಸುತ್ತ ಎತ್ತರದ ಗೋಡೆ ಎದ್ದಿದೆ. ಭಕ್ತರು ಈಗ ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ಹೋಗಿ ಅಲ್ಲಿ ತಲೆಬಾಗುತ್ತಾರೆ.

ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೆ ಹೋಗುವವರು ಸಾಮಾನ್ಯವಾಗಿ ಸೀರೆಗಾಗಿ ಹೋಗುತ್ತಾರೆ. ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ನೇಯುವ ಆ ಕಾಯಕವೂ ನೋಡತಕ್ಕದ್ದೇ. ಆದರೆ ಅಲ್ಲಿಯ ವಿಜಯ ಮಹಾಂತೇಶ ಮಠವನ್ನು ಬಿಟ್ಟು ಬರಲಾಗದು. 2018ರಲ್ಲಿ ಲಿಂಗೈಕ್ಯರಾದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು, ಕೇರಿ ಕೇರಿ ತಿರುಗಿದರು. ಬೇಡಿದುದು ಕಾಳುಕಡಿಯನ್ನಲ್ಲ, ಕಾಣಿಕೆಯನ್ನೂ ಅಲ್ಲ. ಕುಡಿತ, ತಂಬಾಕು ಮೊದಲಾದ ದುಶ್ಚಟಗಳನ್ನೇ ಭಿಕ್ಷೆಯಾಗಿ ನೀಡಿರೆಂದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ.